ಗೇಟಮ್ಮನ ದನಿ

ನನ್ನ ಚಿಕ್ಕಮ್ಮನಿಗೆ ಸುತ್ತಲಿನ ಬೀದಿಗಳಲ್ಲಿ ಗೇಟಮ್ಮ ಎಂದೇ ಹೆಸರು. ಬೇರೆಯವರ ಮನೆಗಳ ಗೇಟಿನ ಹೊರಗೆ ನಿಂತು ಮಾತಾಡುವುದೇ ಅವಳ ಕೆಲಸ. ಅವಳಿಗೆ ಗೊತ್ತಿಲ್ಲದ ಗೇಟು ಊರಲ್ಲಿಲ್ಲ. ಒಳಗೆ ಹೋಗಿ ಕೂತ ಮನೆಗಳು ಮಾತ್ರ ಬೆರಳೆಣಿಕೆಯಷ್ಟು.

ಚಿಕ್ಕಪ್ಪ ಬಾಗಿಲ ಇಂಟರ್‌ಕಾಮ್ ಹಾಕುವವನು, ರಿಪೇರಿ ಮಾಡುವವನು. ಗೇಟಿನ ಕಂಬದಲ್ಲೊಂದು ಗುಂಡಿಯಿರುವ ಡಬ್ಬಿ, ಒಳಗೋಡೆಯಲ್ಲಿ ಇನ್ನೊಂದು. ಒಳಗಿನದರ ಮುಚ್ಚಳ ತೆಗೆದರೆ ಪುಟ್ಟದೊಂದು ಸ್ಕ್ರೂ. ಅದನ್ನು ತಿರುಗಿಸಿದಂತೆ ಹೊರಗಿನವರ ದನಿ ಒಳಗೆ ಏರುತ್ತದೆ, ಇಳಿಯುತ್ತದೆ. ಹದ ಸಿಗುವ ತನಕ ಹೊರಗೆ ಯಾರಾದರೂ ಮಾತಾಡುತ್ತಲೇ ಇರಬೇಕು. ಮನೆಯವರನ್ನು ನಿಲ್ಲಿಸಿದರೆ ಎರಡು ಸಲ ಹಲೋ ಎಂದು ನಾಚಿಕೊಂಡು ಸುಮ್ಮನಾಗುತ್ತಾರೆ, ಇಲ್ಲವೇ ಡಬ್ಬಿಗೆ ಬಾಯಿಟ್ಟು ಕಿರುಚುತ್ತಾರೆ. ಹಾಗಾಗಿ ಚಿಕ್ಕಮ್ಮ. "ಇವಳ ದನೀನೇ ನನ್ನ ಅಳತೆಗೋಲು" ಎಂದು ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳಂತೆ, ಪಾಪ.

ಮೊದಮೊದಲು ಒಂದು, ಎರಡು, ಮೂರು ಎನ್ನುತ್ತಿದ್ದಳು. ಅದು ಬೇಜಾರಾಗಿ ಮನೆ ಸುದ್ದಿಗೆ ಇಳಿದಳು. ಗ್ಯಾಸ್ ಮುಗಿಯುತ್ತಾ ಬಂತು, ಬಚ್ಚಲ ನಲ್ಲಿ ಸೋರುತ್ತಿದೆ, ನಿಮ್ಮಕ್ಕ ಫೋನ್ ಮಾಡಿದ್ದರು. ಚಿಕ್ಕಪ್ಪನಿಗೆ ಬೇಕಿದ್ದದ್ದು ದನಿ, ಮಾತಲ್ಲ. ದಿನವಿಡೀ ಕಿವಿ ದುಡಿಸಿದವನಿಗೆ ಸಂಜೆ ಗಡಿಯಾರದ ಸದ್ದೂ ಹೆಚ್ಚು. ಮನೆಯಲ್ಲಿ ಬಾಯಿಗೆ ಬೀಗ. ಹೀಗಾಗಿ ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಅವಳು ಕಂಡವರ ಗೇಟಿಗೆ ಹೇಳಿ ಮುಗಿಸುತ್ತಿದ್ದಳು.

ಎರಡು ವರ್ಷದಿಂದ ಒಂದೇ ಮಾತು. "ನಂಗಾಗ್ತಿಲ್ಲ ರೀ. ನಾಳೆಯಿಂದ ನಾನು ಬರಲ್ಲ." ಬಿಸಿಲಲ್ಲಿ ನಿಂತು ನಿಂತು ಹಿಮ್ಮಡಿಯ ನೋವು ಸೊಂಟಕ್ಕೇರಿತ್ತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಎದುರೆದುರು ಹೇಳಲು ಅವಳಿಗೇನೂ ಹೆದರಿಕೆಯಿರಲಿಲ್ಲ. ಹೇಳುವಷ್ಟರಲ್ಲಿ ಇಬ್ಬರಲ್ಲೊಬ್ಬರಿಗೆ ನಿದ್ದೆ ಹತ್ತಿರುತ್ತಿತ್ತು.

ಗೇಟಿನಲ್ಲಿ ಹೇಳಿದರೆ ಒಳಗಿನಿಂದ ಉತ್ತರ ಬರುತ್ತಿತ್ತು. "ಸರಿಯಾಗಿ ಕೇಳಿಸ್ತಿಲ್ಲ, ಮಾತಾಡ್ತಾ ಇರು." ಸ್ಕ್ರೂ ಇನ್ನೊಂದಿಷ್ಟು ತಿರುಗುತ್ತಿತ್ತು. ಅವಳು ಇನ್ನೊಮ್ಮೆ ಅದನ್ನೇ ಹೇಳುತ್ತಿದ್ದಳು, ಮರುದಿನ ಚೀಲ ಹಿಡಿದು ಮತ್ತೆ ಅವನ ಹಿಂದೆ ಹೊರಡುತ್ತಿದ್ದಳು.

ಅದೇ ಕಾಲಕ್ಕೆ ದೂರುಗಳು ಶುರುವಾದವು. ಹೋದ ಮನೆಗೇ ಮತ್ತೆ ಹೋಗಬೇಕು, ಎಲ್ಲ ಕಡೆಯೂ ಎಕೋ. ಒಳಗಿನ ಸ್ಪೀಕರಿನ ಸದ್ದು ಮಿತಿಮೀರಿದರೆ ಪಕ್ಕದ ಮೈಕಿಗೇ ನುಗ್ಗಿ ಗೇಟಿಗೆ ವಾಪಸ್ಸಾಗುತ್ತದೆ. ಹೊರಗೆ ನಿಂತವರಿಗೆ ತಮ್ಮ ಮಾತೇ ಎರಡೆರಡು ಸಲ. ಚಿಕ್ಕಪ್ಪ ಮೈಕಿನ ಸುತ್ತ ಸ್ಪಂಜು ತುರುಕಿದ, ಮೂಲೆಯಲ್ಲಿದ್ದ ಡಬ್ಬಿಗಳನ್ನು ಕಿತ್ತು ಗೋಡೆಯ ನಡುವೆ ಕೂರಿಸಿದ, ಈಗಿನ ಮಾಲೆಲ್ಲ ಕಸ ಎಂದು ಹಿಡಿಶಾಪ ಹಾಕಿದ. ಚಿಕ್ಕಮ್ಮ ನನ್ನ ಹತ್ತಿರ ನಗುತ್ತಾ ಹೇಳಿದ್ದಳು, "ನಂಗಾಗ್ತಿಲ್ಲ ಅಂದ್ರೆ ಡಬ್ಬೀನೂ ಸಣ್ಣಗೆ ನಂಗಾಗ್ತಿಲ್ಲ ಅನ್ನತ್ತೆ ಕಣೇ. ಸದ್ಯ, ಅದಕ್ಕಾದ್ರೂ ಕೇಳಿಸ್ತಲ್ಲ." ನನಗೆ ನಗು ಬರಲಿಲ್ಲ.

ಹೋದ ತಿಂಗಳು ನಮ್ಮ ಮನೆಯ ಇಂಟರ್‌ಕಾಮ್ ವೈರನ್ನು ಇಲಿ ಕಡಿಯಿತು. ಅದು ಚಿಕ್ಕಪ್ಪ ಹಾಕಿದ ಮೊತ್ತಮೊದಲನೆಯದು. ಮಟಮಟ ಮಧ್ಯಾಹ್ನ ಇಬ್ಬರೂ ಬಂದರು. ಬಾ ಚಿಕ್ಕಮ್ಮ ಎಂದರೆ, ಕೆಲಸ ಮುಗೀಲಿ ಎಂದು ಅವಳು ಕಂಬಕ್ಕೆ ಒರಗಿ ನಿಂತಳು.

ಚಿಕ್ಕಪ್ಪ ವೈರು ಜೋಡಿಸಿ ಮುಚ್ಚಳ ತೆಗೆದ. ಸ್ಕ್ರೂ ಪಕ್ಕದಲ್ಲಿ ಒಂದು ಕೆಂಪು ಚುಕ್ಕಿಯಿತ್ತು. ಆ ಕಾಲದಲ್ಲಿ ಚಿಕ್ಕಮ್ಮ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು; ದನಿ ಸರಿಯಾಗಿ ಕೇಳಿಸಿದ ಜಾಗಕ್ಕೆ ಅದೇ ಬಣ್ಣದಲ್ಲಿ ಗುರುತು ಹಾಕಿದ್ದ. ಸ್ಕ್ರೂ ಇನ್ನೂ ಅಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

"ಮಾತಾಡು" ಎಂದ. ಡಬ್ಬಿಯಲ್ಲಿ ಏನೋ ಪಿಸುಗುಟ್ಟಿದಂತಾಯಿತು, ಅಷ್ಟೇ. ತಿರುಗಿಸಿದ. ಚುಕ್ಕಿ ದಾಟಿತು. ಇನ್ನೂ ತಿರುಗಿಸಿದ. ಸ್ಕ್ರೂ ಕೊನೆಗೆ ಬಂದು ನಿಂತಾಗ ಮಾತು ಕೇಳಿಸಿತು: "ನಂಗಾಗ್ತಿಲ್ಲ ರೀ."

"ಇದೂ ಹಾಳಾಯ್ತಾ?" ಎಂದು ಗೊಣಗಿ ನನ್ನನ್ನು ಹೊರಗೆ ಕಳಿಸಿದ. ನಾನು ಚಿಕ್ಕಮ್ಮನ ಪಕ್ಕ ನಿಂತು ಚಿಕ್ಕಪ್ಪಾ ಎಂದದ್ದೇ ತಡ, ನನ್ನ ದನಿಯೇ ಡಬ್ಬಿಯಿಂದ ಮುಖಕ್ಕೆ ರಾಚಿತು. ಅವನು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿರಬೇಕು. ಎಕೋ ನಿಂತಿತು. "ಈಗ ಸರಿಯಾಗಿದೆ" ಎಂದ. ಆಮೇಲೆ, "ಅವಳು ಮಾತಾಡ್ಲಿ."

ಅವಳು ಮಾತಾಡಿದಳು. ನಾನು ಒಳಗೆ ಹೋಗಿ ನೋಡಿದರೆ ಚಿಕ್ಕಪ್ಪ ಡಬ್ಬಿಗೆ ಕಿವಿಯೊತ್ತಿ ನಿಂತಿದ್ದಾನೆ, ಸ್ಕ್ರೂ ಚುಕ್ಕಿಗೆ ಬಂದಿದೆ, ಕೈ ಅದರ ಮೇಲಿಲ್ಲ. ಹಾಳಾದದ್ದು ಡಬ್ಬಿಯಲ್ಲ, ಅಳತೆಗೋಲು ಎಂದು ಅವನಿಗೆ ತಿಳಿದಿತ್ತು. ನನಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಅವನೇ ಗೇಟಿಗೆ ಹೋದ. "ಒಳಗೆ ಹೋಗಿ ಕೂತ್ಕೋ."

"ಕೆಲಸ ಆಯ್ತಾ?"

"ಕೂತ್ಕೋ ಹೋಗು."

ಅವಳು ಚಪ್ಪಲಿ ಬಿಟ್ಟು ಬಂದು ಡಬ್ಬಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ನೀರು ತರುವಷ್ಟರಲ್ಲಿ ಕುತ್ತಿಗೆ ವಾಲಿತ್ತು.

ಡಬ್ಬಿಯಿಂದ ಚಿಕ್ಕಪ್ಪನ ದನಿ ಬಂತು. "ಅವಳು ಇದನ್ನ ಯಾವಾಗಿಂದ ಹೇಳ್ತಿದ್ದಾಳೆ?"

"ಎರಡು ವರ್ಷ ಆಯ್ತು ಚಿಕ್ಕಪ್ಪ."

ಆಮೇಲೆ ಹೇಳಿದ, "ನಾಳೆಯಿಂದ ಬರೋದು ಬೇಡ ಅಂತ ಹೇಳು ಅವಳಿಗೆ."

ಅವಳು ಗೇಟುಗೇಟಿನಲ್ಲಿ ನಿಂತು ಕಾದ ಉತ್ತರ ಅದು. ತಲೆಯ ಪಕ್ಕದಲ್ಲೇ, ಸ್ಪಷ್ಟವಾಗಿ ಬಂತು. ಚಿಕ್ಕಮ್ಮನಿಗೆ ಎಚ್ಚರವಾಗಲಿಲ್ಲ. ನಾನೂ ಎಬ್ಬಿಸಲಿಲ್ಲ.