ಜೋಡೆತ್ತಿನ ಲೆಕ್ಕದಲ್ಲಿ ವಿಮಾನದ ವಿಮೆ

“ಎರಡೂ ಇಂಜಿನ್ನಿಗೆ ಬ್ಯಾಡ್ರಿ, ಒಂದಕ್ಕಷ್ಟ ವಿಮೆ ಮಾಡ್ರಿ. ಒಂದು ನಿಂತರ ಇನ್ನೊಂದು ಎಳೀತೈತಿ. ಹಲಗೇರಿ ಗೌಡ್ರ ಜೋಡೆತ್ತಿನಾಗೂ ನೀವ ಒಂದಕ್ಕ ಮಾಡಿಕೊಟ್ಟೀರಲ್ಲ!”

ರಾಣೆಬೆನ್ನೂರಿನ ನನ್ನ ವಿಮಾ ಕಚೇರಿಯಲ್ಲಿ ಕೂತು ಹೀಗೆ ಚೌಕಾಸಿಗಿಳಿದವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಓಡಾಡಲಿಕ್ಕೆಂದು ಎರಡು ಇಂಜಿನ್ನಿನ ಪುಟ್ಟ ವಿಮಾನ ಕೊಂಡು ಹುಬ್ಬಳ್ಳಿಯಲ್ಲಿ ನಿಲ್ಲಿಸಿದ್ದರು. ಮನುಷ್ಯರ ಜೀವ, ಟ್ರ್ಯಾಕ್ಟರು, ಎತ್ತು, ಎಮ್ಮೆಗಳಾಚೆ ಯಾವುದಕ್ಕೂ ವಿಮೆ ಮಾಡಿಸಿ ಗೊತ್ತಿರದ ನಾನು, ಅವರ ಅಂಗಿಯ ಮೆಣಸಿನ ಘಾಟಿಗೆ ಸೀನುತ್ತಲೇ, ಎಲ್ಲ ಬಲ್ಲವನ ಗತ್ತಿನಲ್ಲಿ ವಿವರಿಸಿದೆ: ವಿಮೆ ಇಡೀ ವಿಮಾನಕ್ಕೇ ಆಗಬೇಕು, ಅದು ಬಿದ್ದರೆ ಕಂಪನಿ ನಷ್ಟ ತುಂಬಿಕೊಡುತ್ತದೆ.

“ಬಿದ್ದರ ಒಳಗ ನಾನ ಇರ್ತೇನಲ್ರಿ! ಆಮ್ಯಾಲ ಆ ರೊಕ್ಕ ತಗೊಂಡು ಏನ್ ಮಾಡ್ಲಿ? ನನಗ ಕಾಗದ ಒಂದಿದ್ರ ಸಾಕು. ಅದಿಲ್ದ ಹಾರಾಕ ಬಿಡಂಗಿಲ್ಲಂತ,” ಎಂದು ಅವರು ನಕ್ಕರು.

ಚಹಾ ಮುಗಿಯುವಷ್ಟರಲ್ಲಿ ಇಡೀ ವಿಮಾನಕ್ಕೆ ವಿಮೆ ಮಾಡಿಸಲು ಒಪ್ಪಿದರು. ಕಮಿಷನ್ ನೆನೆದು ನಾನು ಆಗಲೇ ಹಾರುತ್ತಿದ್ದೆ. ಎದ್ದು ಹೊರಡುವಾಗ ನನ್ನ ಬೆನ್ನು ತಟ್ಟಿ, “ಕಾಗದ ಕೈಗೆ ಬಂದ ದಿನ ಮೊದಲ ನೀವ ಹತ್ರಿ. ಮೇಡ್ಲೇರಿ ಹೊಳಿ ಮ್ಯಾಲ ಒಂದು ಸುತ್ತು ಹಾಕಿಸ್ತೇನಿ,” ಎಂದರು.

ನನ್ನ ಬಾಯಿಂದ ಥಟ್ಟನೆ ಬಂತು: “ಬ್ಯಾಡ್ರಿ ಸಾವಕಾರ್ರ, ಮನ್ಯಾಗ ಹೆಂಡ್ತಿ, ಮಕ್ಕಳು ಅದಾರ.”

ಇದೊಂದೇ ಮಾತು ಹೇಳಿ ಊರಿಗೆಲ್ಲ ಪಾಲಿಸಿ ಮಾರಿದವನು ನಾನು. ಮನಸಾರೆ ಹೇಳಿದ್ದು ಮಾತ್ರ ಅಂದೇ ಮೊದಲು.