ಹೊಟ್ಟೆಕಿಚ್ಚಿನವನ ಸಾಕ್ಷಿ

ನನಗೆ ಹೊಟ್ಟೆಕಿಚ್ಚಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಅದು ಯಾರ ಮೇಲೆ ಎಂದು ಹೇಳಲು ಮಾತ್ರ ಸ್ವಲ್ಪ ನಾಚಿಕೆ. ಬಂಗಲೆ ಕಟ್ಟಿದವರ ಮೇಲಾಗಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ನನ್ನದು ದಾವಣಗೆರೆಯ ನಮ್ಮ ಸ್ಟೀಲ್ ಪಾತ್ರೆ ಅಂಗಡಿಯ ಮುಂದೆ, ರಸ್ತೆ ಬದಿಯಲ್ಲಿ, ಬುಟ್ಟಿ ಇಟ್ಟುಕೊಂಡು ಕೂರುವ ಕೊಟ್ರಮ್ಮನ ಮೇಲೆ.

ಹರಿಹರದ ಪಕ್ಕದ ಗುತ್ತೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಚಳಿಗಾಲಕ್ಕೆ ಬಾರೆಹಣ್ಣು, ಬೇಸಿಗೆಗೆ ಮಾವಿನಕಾಯಿ, ಮಳೆ ಬಿದ್ದರೆ ಬೇಯಿಸಿದ ಶೇಂಗಾ. ನನ್ನ ಹತ್ತಿರ ಪರವಾನಗಿ ಇದೆ. ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದೇನೆ. ಬೋರ್ಡಿದೆ, ಫ್ಯಾನಿದೆ, ಗಿರಾಕಿಗಳಿಗೆ ಕುರ್ಚಿಯೂ ಇದೆ. ಆದರೂ ಜನ ನಿಲ್ಲುವುದು ಅವಳ ಮುಂದೆ. ನನ್ನಲ್ಲಿ ತಪ್ಪಲೆಯನ್ನು ಬಡಿದು, ತಿರುವಿ, ಮೂಗು ಮುರಿದು ಇಟ್ಟುಹೋಗುವ ಹೆಂಗಸರೇ ಅಲ್ಲಿ ಕುಕ್ಕರಗಾಲಲ್ಲಿ ಕೂತು ನಗುತ್ತಾರೆ. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ಒಮ್ಮೆ ಶಟರ್ ಎತ್ತುತ್ತಿದ್ದಾಗ ಕೊಟ್ರಮ್ಮ, "ಅಣ್ಣಾರ, ಮಣಕಾಲಿಗೆ ಎಳ್ಳೆಣ್ಣಿ ಹಚ್ರಿ" ಎಂದಳು. ನನ್ನ ಮೊಣಕಾಲು ನೋವನ್ನು ನಾನು ಡಾಕ್ಟರಿಗೂ ಹೇಳಿರಲಿಲ್ಲ.

ಹಿರಿಯರು ಅರಿಷಡ್ವರ್ಗವನ್ನು ಎಣಿಸುವಾಗ ಮತ್ಸರವನ್ನು ಕಟ್ಟಕಡೆಗೆ ನಿಲ್ಲಿಸಿದ್ದಾರೆ. ಅದು ಚಿಕ್ಕದೆಂದಲ್ಲ. ಕಾಮ, ಕ್ರೋಧಗಳು ಕುರುಡು. ಮತ್ಸರಕ್ಕೆ ಮೈಯೆಲ್ಲ ಕಣ್ಣು. ಸಾಲಿನ ಕೊನೆಯಲ್ಲಿ ನಿಂತರೆ ಎಲ್ಲರೂ ಕಾಣುತ್ತಾರಲ್ಲ.

ಕಡೆಗೊಂದು ದಿನ ನನಗೆ ಪಾದಚಾರಿಗಳ ಮೇಲೆ ಎಲ್ಲಿಲ್ಲದ ಕರುಣೆ ಹುಟ್ಟಿತು. ರಸ್ತೆ ಸಾರ್ವಜನಿಕರದ್ದು, ನಡೆಯಲು ತೊಂದರೆಯಾಗುತ್ತಿದೆ ಎಂದು ಪಾಲಿಕೆಗೆ ಅರ್ಜಿ ಬರೆದೆ.

ಕೆಲವು ವಾರಗಳ ಮೇಲೆ ಪಾಲಿಕೆಯಿಂದ ಒಬ್ಬ ಮೇಡಂ ಬಂದರು. "ಮೊದಲಿನಂಗೆ ಎಬ್ಬಿಸಿ ಕಳ್ಸಾಕ ಬರಲ್ಲ ಸರ್. ಬೀದಿ ವ್ಯಾಪಾರಿಗಳಿಗೆ ಕಾಯ್ದೆ ಐತೆ. ಸರ್ವೆ ಮಾಡಿ, ಕಾರ್ಡ್ ಕೊಟ್ಟು, ಜಾಗ ಗುರ್ತು ಮಾಡ್ಬೇಕು" ಎಂದರು. ಆಮೇಲೆ ಫುಟ್‌ಪಾತಿನ ಮೇಲೆ ಪೇರಿಸಿಟ್ಟಿದ್ದ ಬಕೆಟ್ಟುಗಳನ್ನು ನೋಡಿ, "ಇವು ಯಾರವ್ರಿ?" ಎಂದು ಕೇಳಿದರು. ನನ್ನವೇ. ಒಂದೊಂದಾಗಿ ಒಳಗಿಟ್ಟೆ.

ಹಿಂದಿನ ಸರ್ವೆಯಲ್ಲಿ ಕೊಟ್ರಮ್ಮನ ಹೆಸರಿರಲಿಲ್ಲ. ಆಗ ಅವಳು ಮಗಳ ಬಾಣಂತನಕ್ಕೆಂದು ಗುತ್ತೂರಿನಲ್ಲೇ ಉಳಿದಿದ್ದಳಂತೆ. "ಇಲ್ಲೇ ಭಾಳ ವರ್ಷದಿಂದ ಕೂರ್ತೀನಿ ಅನ್ನಾಕ ಏನಾರ ದಾಖಲೆ ಐತೇನಮ್ಮ?" ಎಂದರು ಮೇಡಂ.

"ಬುಟ್ಟಿ ಐತ್ರಿ" ಎಂದಳು ಕೊಟ್ರಮ್ಮ.

ಬುಟ್ಟಿ ಸಾಲದು. ದಾಖಲೆಯಿಲ್ಲದಿದ್ದರೆ ಊರಿನ ಆಚೆ ತುದಿಯ ಹೊಸ ಜಾಗಕ್ಕೆ ಹೋಗಬೇಕು. ಅಲ್ಲಿ ಇನ್ನೂ ಜನರೇ ಓಡಾಡುತ್ತಿರಲಿಲ್ಲ. ನನಗೆ ಸಂತೋಷವಾಯಿತು. ಆ ಸಂತೋಷ ಮಧ್ಯಾಹ್ನದವರೆಗೆ ಬಾಳಿತು.

ಮಧ್ಯಾಹ್ನ ಅವಳು ಅಂಗಡಿಯ ಮೆಟ್ಟಿಲೇರಿ ಬಂದಳು. ಇಷ್ಟು ವರ್ಷಗಳಲ್ಲಿ ಅದೇ ಮೊದಲು.

"ಅಣ್ಣಾರ, ನಾನು ಇಲ್ಲೇ ಕೂರ್ತಿದ್ದೆ ಅಂತ ಒಂದು ಪತ್ರ ಬರ್ದು ಕೊಡ್ರಿ."

ನಾನು ಮೊದಲೇ ಹೊಳೆಯುತ್ತಿದ್ದ ತಟ್ಟೆಯನ್ನು ಒರೆಸತೊಡಗಿದೆ. "ಬ್ಯಾರೆ ಯಾರನ್ನಾರ ಕೇಳಮ್ಮ."

"ಅರ್ಜಿ ಹಾಕ್ದೋರು ನೀವೇ ಅಂತ ಗೊತ್ತೈತ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಅದಕ್ಕ ನಿಮ್ಮತ್ರ ಬಂದೆ. ತಗೊಳ್ಳೋರು ಹಣ್ಣು ನೋಡ್ತಾರೆ. ನನ್ನ ದಿನಾ ನೋಡೋರು ನೀವೊಬ್ರೇ."

ಪೆನ್ನು ತೆಗೆದುಕೊಂಡೆ. ನಾಲ್ಕು ಸಾಲು ಗೀಚಿ ಕಳಿಸುವ ಅಂದಾಜಿತ್ತು. ಬರೆಯುತ್ತ ಹೋದರೆ ನಿಲ್ಲಲೇ ಇಲ್ಲ. ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಬಂದು ಕೂತವಳು. ಮಗಳು ಈಗ ಪಿಯುಸಿ. ರಸ್ತೆ ಅಗೆದಾಗ ಮಣ್ಣಿನ ಗುಡ್ಡೆಯ ಮೇಲೆ ಗೋಣಿಚೀಲ ಹಾಸಿಕೊಂಡಿದ್ದಳು. ಗಂಡ ತೀರಿಕೊಂಡಾಗ ಹದಿಮೂರು ದಿನ ಬರಲಿಲ್ಲ, ದಾರಿಯಲ್ಲಿ ಹೋಗುವವರೆಲ್ಲ "ಕೊಟ್ರಮ್ಮ ಎಲ್ರಿ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಹದಿಮೂರು ದಿನ ಬಾಗಿಲು ಹಾಕಿದರೆ ಯಾರು ಕೇಳುತ್ತಾರೆಂದು ಆಗಲೂ ಕರುಬಿದ್ದೆ. ಅದೊಂದನ್ನು ಪತ್ರದಲ್ಲಿ ಬರೆಯಲಿಲ್ಲ.

ಮೂರು ಹಾಳೆ ಓದಿದ ಮೇಡಂ, "ಇಷ್ಟೆಲ್ಲ ಹೆಂಗೆ ನೆನಪೈತ್ರಿ ನಿಮಗೆ? ಸಂಬಂಧಿಕರಾ?" ಎಂದರು. ಪ್ರೀತಿಸುವವರು ಕ್ಷಮಿಸುತ್ತ ಮರೆತುಬಿಡುತ್ತಾರೆ. ಕರುಬುವವನು ಒಂದನ್ನೂ ಮರೆಯುವುದಿಲ್ಲ. ಇದನ್ನು ಅವರಿಗೆ ಹೇಗೆ ವಿವರಿಸಲಿ? "ಅಂಗಡಿ ಎದುರಿಗೇ ಕೂರ್ತಾಳಲ್ರಿ" ಎಂದೆ.

ಕೊಟ್ರಮ್ಮನಿಗೆ ಫೋಟೋ ಇರುವ ಕಾರ್ಡು ಬಂತು. ಜಾಗವೂ ಇದೇ ರಸ್ತೆಯಲ್ಲಿ ಸಿಕ್ಕಿತು. ಆದರೆ ನನ್ನ ಅಂಗಡಿಯ ಮುಂದೆ ಚರಂಡಿಯ ಮುಚ್ಚಳವಿರುವುದರಿಂದ ಅಲ್ಲಿ ಕೂರುವಂತಿಲ್ಲವೆಂದು, ಬಿಳಿ ಬಣ್ಣದ ಚೌಕವನ್ನು ಪಕ್ಕದ ಟೈಲರ್ ಅಂಗಡಿಯ ಮುಂದೆ ಬರೆದರು. ನಾನು ಅರ್ಜಿಯಲ್ಲಿ ಬೇಡಿದ್ದು ಅಕ್ಷರಶಃ ನೆರವೇರಿತು. ನನ್ನ ಬಾಗಿಲ ಮುಂದೆ ಪಾದಚಾರಿಗಳು ಸರಾಗವಾಗಿ ನಡೆಯುತ್ತಾರೆ. ಒಬ್ಬರೂ ನಿಲ್ಲುವುದಿಲ್ಲ.

ಅದನ್ನೂ ಸಹಿಸಿಕೊಂಡೇನು. ಆದರೆ ಆ ಟೈಲರ್ ಈಚೆಗೆ ಬಂದವರೆದುರೆಲ್ಲ "ನಮ್ಮ ಕೊಟ್ರಮ್ಮ, ನಮ್ಮ ಕೊಟ್ರಮ್ಮ" ಎನ್ನತೊಡಗಿದ್ದಾನೆ. ಇಷ್ಟು ವರ್ಷ ಅವಳ ಮೇಲೆ ಕಣ್ಣಿಟ್ಟು ಕೂತವನು ನಾನು. ನಿನ್ನೆ ಮೊನ್ನೆ ಚೌಕ ಸಿಕ್ಕವನು 'ನಮ್ಮ' ಎನ್ನಬಹುದೇ?