ಗೊಬ್ಬರಚೀಲದ ಹಾಯಿ

ನನ್ನ ಸೋದರಮಾವನ ಹರಿಗೋಲಿಗೆ ಹಾಯಿ ಇತ್ತು ಎಂದರೆ ನಮ್ಮೂರು ಮತ್ತಿಗಿರಿಯಲ್ಲಿ ಯಾರೂ ನಂಬುವುದಿಲ್ಲ. ಬಿಳಿ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದು ಬಿದಿರಿನ ಗಳಕ್ಕೆ ಕಟ್ಟಿದ್ದ. ಗಾಳಿ ಬೆನ್ನಿಗಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತಿತ್ತು, ಇಲ್ಲದಿದ್ದರೆ ಹುಟ್ಟೇ ಗತಿ. ಫ್ಯಾಕ್ಟರಿಗೆ ರಜೆ ಇರುವ ಭಾನುವಾರಗಳಲ್ಲಿ ನಾನೂ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಮೀನು ಹಿಡಿಯುವ ಮಾವನ ಜೊತೆ ಕೂರುತ್ತಿದ್ದೆ. ಬೆಂಗಳೂರಿನಿಂದ ಹರಿದುಬರುವ ಕೊಳಚೆಗೆ ನೀರಿನ ಮೇಲೆ ನೊರೆ, ಕೆಟ್ಟ ವಾಸನೆ. ಆದರೂ ಮೆಷಿನ್ನಿನ ಸದ್ದಿಗಿಂತ ವಾಸಿ.

ಹಿನ್ನೀರಿನ ನಡುವೆ ಒಂದು ದಿಬ್ಬವಿತ್ತು. ಅಲ್ಲಿ ನಾಯಿಗಳಿದ್ದವು. ತಾವಾಗಿ ಬಂದವಲ್ಲ. ನೀರು ದಾಟಿಸಿ ಬಿಟ್ಟ ನಾಯಿಗೆ ವಾಸನೆಯ ಜಾಡು ತಪ್ಪಿಹೋಗುತ್ತದೆ, ಮತ್ತೆ ಮನೆ ಹುಡುಕಿಕೊಂಡು ಬರುವುದಿಲ್ಲ ಎಂಬುದು ನಮ್ಮ ಕಡೆಯವರ ನಂಬಿಕೆ. ಕಚ್ಚಿದ್ದು, ಮುದಿಯಾದದ್ದು, ಸುಮ್ಮನೆ ಬೇಡವಾದದ್ದು, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಲೇಔಟಿನವರು ಮಾವನ ಹತ್ತಿರ ಬರುತ್ತಿದ್ದರು. ಆಚೆ ದಡದಲ್ಲಿ ಬಿಟ್ಟರೆ ಆ ಊರಿನವರು ಜಗಳಕ್ಕೆ ಬರುತ್ತಾರೆಂದು ಅವನು ದಿಬ್ಬದಲ್ಲೇ ಇಳಿಸುತ್ತಿದ್ದ. ಆಮೇಲೆ ದಿನಾ ಮೀನಿನ ತಲೆ, ಕರುಳು ಒಯ್ದು ಹಾಕುವವನೂ ಅವನೇ.

“ಬಿಡೋದೂ ನೀನೇ, ಸಾಕೋದೂ ನೀನೇ. ಇದ್ಯಾವ ನ್ಯಾಯ ಮಾವ?” ಎಂದು ಒಮ್ಮೆ ರೇಗಿದೆ.

“ನಾ ಒಲ್ಲೆ ಅಂದ್ರೆ ರೋಡಲ್ಲಿ ಬುಟ್ಟೋಯ್ತಾರೆ ಕಣಮ್ಮ. ಲಾರಿಗೆ ಸಿಕ್ಕಿ ಸಾಯ್ತವೆ. ಇಲ್ಲಾದ್ರೆ ಉಸಿರಾದ್ರೂ ಇರ್ತದೆ.”

ನನಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ. ದೂರದಲ್ಲಿ ಹಾಯಿ ಕಂಡರೆ ಸಾಕು, ನಾಯಿಗಳು ನೀರಿನಂಚಿಗೆ ಓಡಿಬರುತ್ತಿದ್ದವು. ಎಲ್ಲಕ್ಕಿಂತ ಮುಂದೆ ಒಂದು ಕೆಂದು ಬಣ್ಣದ ಹೆಣ್ಣುನಾಯಿ. ಅದರ ಕತ್ತಿನಲ್ಲಿ ಇನ್ನೂ ಯಾರದೋ ಮನೆಯ ಬೆಲ್ಟು ಇತ್ತು. ಅದು ದಿಬ್ಬದ ಮೇಲೆಯೇ ಮರಿ ಹಾಕಿತು. ಮರಿಗಳಲ್ಲಿ ಉಳಿದದ್ದು ಒಂದೇ. ಕಾಲು ಬಲಿತ ಮೇಲೆ ಅದೂ ತಾಯಿಯ ಹಿಂದೆ ಹಾಯಿಯನ್ನು ಎದುರುಗೊಳ್ಳಲು ಬರತೊಡಗಿತು.

ಆ ಮಳೆಗಾಲ ಬೆಂಗಳೂರಿನ ಕಡೆ ಮಳೆ ಜೋರಾಗಿ ಹಿನ್ನೀರು ಏರಿತು. ದಿಬ್ಬ ಒಂದು ಒಕ್ಕಣೆ ಕಣದಷ್ಟು ಅಗಲ ಮಾತ್ರ ಉಳಿದಿತ್ತು. “ಇವತ್ತು ಎಲ್ಲವನ್ನೂ ದಡಕ್ಕೆ ತಂದ್ಬುಡೋಣ” ಎಂದು ಮಾವ ಹಾಯಿ ಏರಿಸಿದ.

ನಾಯಿಗಳು ಎಂದಿನಂತೆ ಬಾಲ ಅಲ್ಲಾಡಿಸುತ್ತಾ ಬಂದವು. ಹರಿಗೋಲಿನೊಳಗೆ ಕರುಳು ಹಾಕಿ ಕರೆದರೆ ಮಾತ್ರ ಒಂದೂ ಹತ್ತಲಿಲ್ಲ. ಅವನ್ನು ಚೀಲದಲ್ಲಿ ತಂದು ಇಲ್ಲಿ ಸುರಿದದ್ದು ಇದೇ ಹರಿಗೋಲು. ಊಟ ಹಾಕುವ ಕೈಯನ್ನು ನಂಬಿದ್ದವು, ಹರಿಗೋಲನ್ನು ನಂಬಲಿಲ್ಲ. “ಬಾರೇ ತಾಯಿ, ಬಾ” ಎಂದು ಮಾವ ಮೊಣಕಾಲುದ್ದ ನೀರಲ್ಲಿ ನಿಂತು ಅಂಗಲಾಚಿದ. ಕೆಂದುನಾಯಿಯ ಬೆಲ್ಟಿಗೆ ಕೈ ಹಾಕಿ ಎಳೆದ. ಅದು ಕೊಸರಿಕೊಂಡಿತು, ಅವನ ಕೈಯಲ್ಲಿ ಬೆಲ್ಟು ಮಾತ್ರ ಉಳಿಯಿತು.

ದಿಬ್ಬದ ಮೇಲೆಯೇ ಹುಟ್ಟಿದ ಮರಿಗೆ ಆ ಹೆದರಿಕೆ ಇರಲಿಲ್ಲ. ಎತ್ತಿಕೊಂಡರೆ ನನ್ನ ಮಡಿಲಲ್ಲಿ ಕೂತು ಮೀನಿನ ತಲೆ ನೆಕ್ಕಿತು. ಮರಿ ಹೊರಟರೆ ತಾಯಿಯೂ ಹತ್ತುತ್ತದೆಂದು ಮಾವ ನಿಧಾನವಾಗಿ ಹರಿಗೋಲು ನೂಕಿದ.

ತಾಯಿ ಅಂಚಿನಲ್ಲಿ ಅತ್ತಿಂದಿತ್ತ ಓಡಿತು. ಊಳಿಟ್ಟಿತು. ಕೊನೆಗೆ ನೀರಿಗೆ ಹಾರಿತು. ಮಾವ ಹಾಯಿ ಇಳಿಸಿ, ಹುಟ್ಟು ಹಾಕುತ್ತಾ ಅದರತ್ತ ತಿರುಗಿದ. ಅಷ್ಟರಲ್ಲಿ ಗಾಳಿ ನೊರೆಯ ದೊಡ್ಡ ರಾಶಿಯನ್ನು ನಮಗೂ ಅದಕ್ಕೂ ನಡುವೆ ತಳ್ಳಿತು. ನಾಯಿಯ ತಲೆ ನೊರೆಯೊಳಗೆ ಹೋದದ್ದನ್ನು ಕಂಡೆ. ಹೊರಗೆ ಬಂದದ್ದನ್ನು ಕಾಣಲಿಲ್ಲ. ಅಲ್ಲೇ ಸುತ್ತುತ್ತಾ ಹುಟ್ಟಿನಿಂದ ನೊರೆ ಸರಿಸಿ ಸರಿಸಿ ನೋಡಿದೆವು. ಮಾರನೆಯ ದಿನ ಮಾವ ಮತ್ತೆ ಅಲ್ಲಿಗೆ ಹೋದಾಗ ದಿಬ್ಬವೇ ಇರಲಿಲ್ಲ.

ಅವನು ಹಾಯಿ ಬಿಚ್ಚಿ ಹಾಕಿದ. “ಏರಿಸಿದ್ರೆ ಕಣ್ಣು ಅತ್ಲಾಗೇ ಹೋಯ್ತದೆ” ಎಂದ. ಚೀಲ ಹಿಡಿದು ಬಂದವರನ್ನು ಬೈದು ಕಳಿಸುತ್ತಾನೆ. ಅವರು ಎಲ್ಲಿಗೆ ಹೋಗುತ್ತಾರೋ ನಮಗೆ ಗೊತ್ತಿಲ್ಲ.

ಮರಿ ಈಗ ನನ್ನ ಮನೆಯಲ್ಲಿದೆ. ಮಹಡಿಯ ಮೇಲೆ ಬಿಳಿ ಬೆಡ್‌ಶೀಟು ಒಣಹಾಕಿದಾಗ ಅದು ಗಾಳಿಗೆ ಉಬ್ಬಿದರೆ, ಮರಿ ಎಲ್ಲಿದ್ದರೂ ಓಡಿಬಂದು ಅದರ ಕೆಳಗೆ ನಿಲ್ಲುತ್ತದೆ. ಬಾಲ ಅಲ್ಲಾಡಿಸುತ್ತದೆ. ಆಮೇಲೆ ಹಿಂದೆ ಯಾರೋ ಬರುತ್ತಿದ್ದಾರೆ ಎಂಬಂತೆ ತಿರುಗಿ ನೋಡುತ್ತದೆ.